ಕನ್ನಡಕದವರ ಹನ್ನೆರಡು ಡಿಗ್ರಿ

ಕನ್ನಡಕದಂಗಡಿಯವರಿಗೆ ಸೂರ್ಯನ ಮೇಲೆ ಒಂದು ದೂರಿತ್ತು. ಅವನು ಮಸೀದಿಯ ವೇಳಾಪಟ್ಟಿಯಂತೆ ನಡೆಯುತ್ತಿಲ್ಲ ಎಂಬುದು.

ದೂರು ಹುಟ್ಟಿದ್ದು ಒಂದು ಖಗೋಳದ ಪುಸ್ತಕದಿಂದ. ಬೆಳಗಿನ ನಮಾಜಿನ ಹೊತ್ತೂ ರೋಜಾದ ಉಪವಾಸವೂ ಶುರುವಾಗುವುದು ಸೂರ್ಯ ಹುಟ್ಟುವುದಕ್ಕೆ ಬಹಳ ಮುಂಚೆ, ಮೂಡಣದಂಚಿನಲ್ಲಿ ಬಿಳಿ ಬೆಳಕು ಅಡ್ಡಡ್ಡ ಹರಡಿದಾಗ ಎಂಬುದು ಅವರಿಗೆ ಗೊತ್ತಿದ್ದದ್ದೇ. ಆದರೆ ಆಗ ಸೂರ್ಯ ದಿಗಂತದ ಕೆಳಗೆ ಎಷ್ಟು ಆಳದಲ್ಲಿರುತ್ತಾನೆ? ಹದಿನೆಂಟು ಡಿಗ್ರಿ ಎನ್ನುವವರುಂಟು, ಹದಿನೈದು ಎನ್ನುವವರುಂಟು. ಮಸೀದಿಯ ಪಟ್ಟಿ ಹದಿನೆಂಟರ ಪಕ್ಷ. ಪಂಡಿತರೇ ಒಮ್ಮತಕ್ಕೆ ಬಾರದ ಮೇಲೆ ತಮ್ಮ ತಾರಸಿ ಇರುವುದಾದರೂ ಯಾತಕ್ಕೆ? ಮನೆ ಊರಿಗೆ ಕೊನೆಯದು, ಮೂಡಣಕ್ಕೆ ದೀಪವಿಲ್ಲದ ಬಯಲು. ಕಣ್ಣಿನ ವಿಷಯದಲ್ಲಂತೂ ಊರೆಲ್ಲ ಅವರ ಮಾತು ಕೇಳುತ್ತಿತ್ತು. (ಮನೆಯ ವಿಷಯ ಬೇರೆ.)

ಕಂಬಳಿ ಹೊದ್ದು ದಿನಾ ತಾರಸಿ ಹತ್ತಿದರು. ಮೊದಲು ತೋಳದ ಬಾಲದಂತೆ ನೆಟ್ಟಗೆ ಏಳುವ ಸುಳ್ಳು ಬೆಳಗು ಕಾಣುತ್ತದೆ, ಮೋಸ ಹೋಗಬೇಡಿ ಎಂದು ಪುಸ್ತಕ ಎಚ್ಚರಿಸಿತ್ತು. ಅವರಿಗೆ ತೋಳವೂ ಕಾಣಲಿಲ್ಲ, ಬಾಲವೂ ಕಾಣಲಿಲ್ಲ. ತಮಗೆ ಮೋಸ ಮಾಡಲು ಅದಕ್ಕೆ ಧೈರ್ಯವಿಲ್ಲವೆಂದುಕೊಂಡರು. ಕೊನೆಗೆ ಲೆಕ್ಕ ಹಾಕಿದರೆ ಹದಿನೆಂಟೂ ಅಲ್ಲ, ಹದಿನೈದೂ ಅಲ್ಲ, ಹನ್ನೆರಡು! ಜಗತ್ತು ಕಾಣದ ಸತ್ಯವನ್ನು ತಾವು ಕಂಡೆವೆಂಬ ಹಿಗ್ಗಿನಲ್ಲಿ, ರಂಜಾನಿನಲ್ಲಿ ಬಿಟ್ಟುಹೋದ ರೋಜಾಗಳನ್ನು ಆಗ ತೀರಿಸುತ್ತಿದ್ದ ಹೆಂಡತಿಗೆ, ಅಜಾನ್ ಆದ ಮೇಲೂ ಚಹಾ ಕುಡಿಯಬಹುದು, ಜವಾಬ್ದಾರಿ ತಮ್ಮದು ಎಂದು ಅಭಯವಿತ್ತರು.

"ನಿಮ್ಮ ಜವಾಬ್ದಾರಿ ಮೇಲೆ ತಂದ ಗೀಸರ್ ಇನ್ನೂ ನೀರು ಕಾಯಿಸಿಲ್ಲ," ಎಂದಳು ಆಕೆ.

ಸುದ್ದಿ ಮಸೀದಿ ಮುಟ್ಟಿದಾಗ ಎಲ್ಲರೂ ನಕ್ಕರು, ಇಮಾಮರು ಮಾತ್ರ ನಗಲಿಲ್ಲ. "ನೀವು ಹೇಳೋದು ನಿಜವಾದ್ರೆ ಊರೆಲ್ಲಾ ಹೊತ್ತಿಗೆ ಮುಂಚೇನೇ ನಮಾಜು ಮಾಡ್ತಿದೆ ಅಂತಾಯ್ತು. ನಾನೇ ಬಂದು ನೋಡ್ತೀನಿ. ಸುಳ್ಳಾದ್ರೆ?"

"ಸುಳ್ಳಾದ್ರೆ ಮತ್ತೆ ಆಕಾಶದ ಸುದ್ದಿಗೇ ಬರೋಲ್ಲ," ಎಂದು ಕನ್ನಡಕದವರು ಇಡೀ ಜಮಾತಿನೆದುರು ಮಾತು ಕೊಟ್ಟುಬಿಟ್ಟರು.

ತಾರಸಿಯ ಮೇಲೆ ಮೂರು ಕುರ್ಚಿ ಬಿದ್ದವು. ಇಮಾಮರಿಗೊಂದು, ಹೆಂಡತಿಗೊಂದು, ಹಟ ಹಿಡಿದು ಹತ್ತಿ ಬಂದ ಅತ್ತೆಗೊಂದು. ಹೋದ ವರ್ಷ ಅತ್ತೆಯ ಕಣ್ಣಿನ ಪೊರೆ ತೆಗೆಸಲು ಅಳಿಯ ಪಟ್ಟ ಪಾಡು ಅಷ್ಟಿಷ್ಟಲ್ಲ. ತಮಗೇನೂ ಆಗಿಲ್ಲ, ಬಲ್ಬುಗಳೇ ಈಗ ಮೊದಲಿನಂತೆ ಉರಿಯುವುದಿಲ್ಲ ಎಂಬುದು ಆಕೆಯ ವಾದವಾಗಿತ್ತು. ಅಂಥವರು ಬೆಳಗು ನೋಡಲು ಬಂದಿದ್ದಾರೆಂದು ಅಳಿಯ ಒಳಗೊಳಗೇ ನಕ್ಕರು.

ಬೆಳಗು ಕಂಡವರು ಪಕ್ಕದವರಿಗೆ ಸುಳಿವು ಕೊಡದೆ, ಸದ್ದಿಲ್ಲದೆ ಕೆಳಗಿಳಿದು ಹೋಗಬೇಕು. ನಿಯಮ ಮಾಡಿದವರೂ ಅವರೇ. ಯಾರ ನೆರಳೂ ಅಡ್ಡ ಬಾರದಿರಲೆಂದು ತಾವು ಮುಂದೆ ಹೋಗಿ ಗೋಡೆ ಹಿಡಿದು ನಿಂತರು. ಕತ್ತಲು. ಅಜಾನ್ ಕೇಳಿಸಿತು. ಆತುರಗೆಟ್ಟವರು ಎಂದು ಮುಗುಳ್ನಕ್ಕರು. ಇನ್ನೂ ಕತ್ತಲು. ಎಷ್ಟೋ ಹೊತ್ತಿನ ಮೇಲೆ ಮೂಡಣದಲ್ಲಿ ಹಾಲು ಚೆಲ್ಲಿದಂತಾಯಿತು.

"ಇದೋ, ಹನ್ನೆರಡು!" ಎಂದು ತಿರುಗಿದರು. ಕುರ್ಚಿಗಳು ಮೂರೂ ಖಾಲಿ.

ಕೆಳಗೆ ಹೆಂಡತಿ ನಮಾಜು ಮುಗಿಸಿ ಚಾಪೆ ಮಡಚುತ್ತಿದ್ದಳು. ಇಮಾಮರು ಮಸೀದಿ ಸೇರಿ ಎಷ್ಟೋ ಹೊತ್ತಾಗಿತ್ತು. ಎಲ್ಲರಿಗಿಂತ ಮೊದಲು ಇಳಿದವರು ಅತ್ತೆ. ತೋಳದ ಬಾಲವನ್ನೂ ಕಂಡು, ಅದಕ್ಕೆ ಮೋಸ ಹೋಗದೆ ಕಾದು, ಆಮೇಲೆ ಇಳಿದಿದ್ದರು.

ಇದು ಮೂವರೂ ಸೇರಿ ಹೂಡಿದ ಸಂಚೆಂದು ಕನ್ನಡಕದವರು ವಾದಿಸಿದರು. ಅತ್ತೆ ತಸ್ಬಿಯ ಮಣಿ ಎಣಿಸುತ್ತಲೇ, "ಅಳಿಯಂದ್ರೇ, ಪೊರೆ ಬಂದೋರು ಮೊದಲು ಬೈಯೋದು ಬೆಳಕನ್ನೇ ಅಂತ ಹೋದ ವರ್ಷ ನೀವೇ ಹೇಳಿದ್ರಲ್ಲ," ಎಂದರು.

ಆ ಮಾತಿಗೆ ಉತ್ತರ ಕೊಡಲೇಬೇಕಿತ್ತು. ಬೆಳಗಾಗುತ್ತಲೇ ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ ಅಂಗಡಿ ತೆರೆದು, ಗಿರಾಕಿಗಳ ಕುರ್ಚಿಯಲ್ಲಿ ಠೀವಿಯಿಂದ ಕೂತು, ಒಂದು ಕಣ್ಣು ಮುಚ್ಚಿ, ಎದುರಿನ ಗೋಡೆಯ ಕಣ್ಣುಪರೀಕ್ಷೆಯ ಅಕ್ಷರಗಳನ್ನು ಮೇಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಉಸಿರಿಗೆ ಓದಿ ಒಗೆದರು. ಒಂದಕ್ಷರವೂ ತಪ್ಪಲಿಲ್ಲ.

"ಈಗೇನಂತೀರಿ?"

ಹೆಂಡತಿ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಅಕ್ಷರದ ಬೋರ್ಡು ನನ್ನ ಕೈಯಲ್ಲಿದೆ ರೀ, ಧೂಳು ಒರೆಸ್ತಿದ್ದೆ. ಅಲ್ಲಿ ತೂಗ್ತಿರೋದು ಮಸೀದಿ ವೇಳಾಪಟ್ಟಿ."