ಶೇಕಡಾವಾರು ಹುಗ್ಗಿ

“ಎಷ್ಟು ಮಂದಿಗೆ ಹಾಕ್ಲಿರೀ ಸರ?”

ಅಡುಗೆಯ ವೆಂಕಣ್ಣ ಒಲೆ ಹಚ್ಚುತ್ತ ಕೇಳಿದ್ದು ಇಷ್ಟೇ. ಮಾನ್ವಿಯ ಹೈಸ್ಕೂಲಿನಲ್ಲಿ ಹಿಂದಿ ಕಲಿಸುವ ಸಂಜೀವ ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಇನ್ನೂರು ಜನರನ್ನು ಕರೆದಿದ್ದ. ಅಷ್ಟನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಗುಲ್ಶನ್ ಬೇಗಂ ಕಾಂಪೌಂಡಿನ ಮೇಲಿಂದ ತಲೆ ಹಾಕಿದರು.

“ಸಂಜೀವಣ್ಣ, ಇವತ್ತ ಸಿರವಾರದಾಗ ದೊಡ್ಡ ಮದುವಿ ಅದ. ನಲವತ್ತು ಪರ್ಸೆಂಟ್ ಮಂದಿ ಅಲ್ಲೇ ಹೋಗ್ತಾರ ನೋಡ್ರಿ.”

“ನಮ್ಮ ದೇವದುರ್ಗದ ಮಂದಿ ಬಿಸಿಲಿಗೆ ಹೆದರ್ತಾರಪ್ಪ. ಮೂವತ್ತು ಕಡಿಮಿ ಹಿಡಿ” ಎಂದ ಸೋದರಮಾವ ತಾಯಣ್ಣ, ಚಹಾ ಹೀರುತ್ತ.

ಶಾಲೆಯ ಗಣಿತದ ಮೇಷ್ಟ್ರು ಕೊಟ್ರೇಶ ಸುಮ್ಮನಿರಲು ಸಾಧ್ಯವೇ? “ಯಾವ ಕಾರ್ಯ ಇದ್ರೂ ಮೂವತ್ತು ಪರ್ಸೆಂಟ್ ಮಂದಿ ನೆವ ಹೇಳಿ ತಪ್ಪಿಸ್ಕೋತಾರ ಸರ.”

ಸಂಜೀವ ಬೆರಳು ಮಡಚಿ ಕೂಡಿಸಿದ. ನಲವತ್ತು, ಮೂವತ್ತು, ಮೂವತ್ತು. ನೂರು!

“ಅಂದ್ರ ಒಬ್ರೂ ಬರಂಗಿಲ್ಲೇನು?”

ಕೊಟ್ರೇಶ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಂಗ ಕೂಡಿಸಬಾರ್ದು ಸರ. ಇನ್ನೂರರಾಗ ನಲವತ್ತು ಪರ್ಸೆಂಟ್ ಹೋದ್ರ ನೂರಾ ಇಪ್ಪತ್ತು. ಉಳಿದದ್ದರಾಗ ಮೂವತ್ತು ಪರ್ಸೆಂಟ್ ಹೋದ್ರ ಎಂಬತ್ನಾಲ್ಕು. ಮತ್ತ ಅದರಾಗ ಮೂವತ್ತು ಹೋದ್ರ ಐವತ್ತೊಂಬತ್ತಕ್ಕ ಚೂರು ಕಡಿಮಿ. ಅರವತ್ತು ಮಂದಿಗೆ ಹಾಕಿಸ್ರಿ.”

“ಕರೆದವ್ರಿಗೆ ಊಟ ಸಾಲದಿದ್ರ ಮಾರಿ ಎಲ್ಲಿಡೋಣ್ರೀ?” ಎಂದಳು ಹೆಂಡತಿ ವಿಶಾಖಾ.

“ಗಣಿತ ಸುಳ್ಳು ಹೇಳ್ತದೇನು?” ಎಂದು ಸಂಜೀವ ಅವಳ ಬಾಯಿ ಮುಚ್ಚಿಸಿದ. ವೆಂಕಣ್ಣ ಅರವತ್ತು ಜನರ ಲೆಕ್ಕಕ್ಕೆ ಗೋಧಿ ಹುಗ್ಗಿ, ಅನ್ನ, ಸಾರು ಮಾಡಿಟ್ಟ.

ಮಧ್ಯಾಹ್ನ ಕಾಲುವೆಗೆ ನೀರು ಬಿಟ್ಟ ಹಾಗೆ ಜನ ಬಂದರು. ದೇವದುರ್ಗದ ಬಸ್ಸಿನಿಂದ ಇಳಿದವರೆಲ್ಲ ಸಂಜೀವನ ಬಳಗವೇ. ಸಿರವಾರದ ಮದುವೆಯ ಸುದ್ದಿ ಹೇಳಿದ್ದ ಗುಲ್ಶನ್ ಬೇಗಂ ತಮ್ಮ ತವರಿನವರನ್ನೂ ಕರೆತಂದರು. ಸಂಜೀವನ ಹೊಸ ಅಂಗಿ ಬೆವರಿಗೆ ಬೆನ್ನಿಗಂಟಿತು. ಹಿತ್ತಲ ಬಾಗಿಲಿನಿಂದ ನುಸುಳಿ ಬಸ್ ನಿಲ್ದಾಣದ ಎದುರಿನ ಖಾನಾವಳಿಗೆ ಓಡಿದ. ಕೈಕಾಲು ಹಿಡಿದು, ಹೇಳಿದಷ್ಟು ದುಡ್ಡು ಕೊಟ್ಟು, ನೂರೈವತ್ತು ಜನರ ಊಟವನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದ. ಪಾತ್ರೆಗಳು ಇಳಿದವು, ಎಲೆಗಳು ಬಿದ್ದವು. ಅವನಿಗೆ ಹೋದ ಜೀವ ಬಂದಂತಾಯಿತು.

“ಏಳ್ರಿ, ಎಲ್ಲಾರೂ ಊಟಕ್ಕ ಏಳ್ರಿ!”

ಯಾರೂ ಏಳಲಿಲ್ಲ.

“ನಂದು ಊಟ ಆಗ್ಯಾದ್ರೀ” ಎಂದರು ಗುಲ್ಶನ್ ಬೇಗಂ.

“ನಂದೂ ಆಗ್ಯಾದ.” “ನಮ್ದೂನು.”

ಕೊಟ್ರೇಶ ಸಂಜೀವನ ಕೈ ಹಿಡಿದು ಪಕ್ಕಕ್ಕೆ ಕರೆದ. “ಅರವತ್ತೇ ಮಂದಿಗೆ ಅಡಿಗಿ ಅದ ಅಂತ ಮುಂಜಾನೆನೇ ನಿಮ್ಮ ಗೃಹಪ್ರವೇಶದ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ ಸರ. ನಿಮ್ಮ ಮರ್ಯಾದಿ ಉಳೀಲಿ ಅಂತ ಎಲ್ಲಾರೂ ಮನ್ಯಾಗ ಉಂಡೇ ಬಂದಾರ. ಎಂಥಾ ಚಲೋ ಮಂದಿ ನೋಡ್ರಿ!”

ಸಂಜೀವ ಹುಗ್ಗಿಯ ಕೊಪ್ಪರಿಗೆಗಳ ನಡುವೆ ಕುಸಿದು ಕೂತ. ಕೊಟ್ರೇಶ ಸಮಾಧಾನಕ್ಕೆ ಪಕ್ಕದಲ್ಲೇ ಕೂತು, ಕೊಪ್ಪರಿಗೆಯೊಳಗೆ ಇಣುಕಿ ನೋಡಿ, ಬೆರಳು ಮಡಚಲು ಶುರುಮಾಡಿದ.

“ಹೆದರಬ್ಯಾಡ್ರಿ ಸರ. ಮನ್ಯಾಗ ನೀವಿಬ್ರು. ದಿನಾ ಎರಡು ಪರ್ಸೆಂಟ್ ಉಂಡ್ರೂ ಐವತ್ತು ದಿನಕ್ಕ ಖಾಲಿ.”