ಮನಸ್ಸಿನ ಭಾಷಣಕ್ಕೆ ಮುಂದಿನ ಸಾಲಿನಲ್ಲಿ ಕುಂತವನು

ನಂಬಬ್ಯಾಡ್ರಿ, ನಾಳೆನೇ ಹೋಗಿ ವಿಚಾರಿಸ್ರಿ: ಒಂದೇ ವರ್ಷದಲ್ಲಿ ನಾಲ್ಕು ತಾಲೂಕಿನಲ್ಲಿ ಮಾನಸಿಕ ಆರೋಗ್ಯದ ಭಾಷಣ ಕೇಳಿದ ಗಂಡಸು ಈ ಕೊಪ್ಪಳ ಜಿಲ್ಲೆಯಲ್ಲಿ ನಾನೊಬ್ಬನೇ. ಹೋದಲ್ಲೆಲ್ಲ ಒಂದಿಲ್ಲೊಂದು ಆಗುತ್ತದೆ. ನನ್ನ ನಸೀಬೇ ಅಂಥದ್ದು.

ಗಂಗಾವತಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಎಂಥ ಸುಟ್ಟ ಪಂಪ್‌ಸೆಟ್ಟೂ ನನ್ನ ಕೈಗೆ ಬಂದರೆ ಸಂಜೆಗೆ ತಿರುಗಬೇಕು. ನಮ್ಮ ಊರಲ್ಲಿ ಇಂಥ ಕೈ ಇನ್ನೊಂದಿಲ್ಲ. ದಿನಾ ಮೂವತ್ತು ಮಂದಿ ಬರುತ್ತಾರೆ, ಮೂವತ್ತೂ ಮಂದಿ ಕೇಳುವುದು "ಹೆಂಗೈತಿ ತಮ್ಮಾ ಮೋಟರು?" ಅಂತ. ನಾನು ಹೇಗಿದ್ದೇನೆ ಅಂತ ಕೇಳಿದವರು ಇನ್ನೂ ಹುಟ್ಟಿಲ್ಲ. ಬಾಡಿಗೆ ರೂಮಿಗೆ ಹೋದರೆ ನಾನು, ನನ್ನ ಸ್ಟೋವು. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಇದಕ್ಕೆ ಏನು ಮಾಡಬೇಕು ಅಂತ ತಿಳಿದವರನ್ನು ಒಂದು ಮಾತು ಕೇಳಬೇಕಿತ್ತು. ಅಷ್ಟಕ್ಕೇ ಇಷ್ಟು ತಿರುಗಾಟ.

೧. ಕುಷ್ಟಗಿಯ ಶಾಲು

ಭಾಷಣದ ಪೂರಾ ಲಾಭ ಬೇಕಿದ್ದರೆ ಮುಂದೆ ಕೂಡಬೇಕು. ನಮ್ಮ ಮಂದಿ ಯಾವ ಸಭೆಗೆ ಹೋದರೂ ಬಾಗಿಲ ಕಡೆಯಿಂದ ತುಂಬುತ್ತಾ ಬರುತ್ತಾರೆ. ಮುಂದಿನ ಸೋಫಾ ದೊಡ್ಡವರಿಗೆ ಮೀಸಲು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸೀದಾ ಸೋಫಾದಲ್ಲೇ ಕುಂತೆ.

ನಿರೂಪಕ ಬಗ್ಗಿ ಕೇಳಿದ, "ಸರ್, ತಾವು ಗಂಗಾವತಿಯಿಂದ ಬಂದೀರೇನ್ರಿ?"

"ಹೌದ್ರಿ."

ಗಂಗಾವತಿಯಿಂದ ಬರಬೇಕಿದ್ದ ಅತಿಥಿ ಇನ್ನೂ ಬಂದಿರಲಿಲ್ಲವಂತೆ. ನಾನು ಬಾಯಿ ತೆಗೆಯುವುದರೊಳಗೆ ವೇದಿಕೆ, ಹಾರ, ಶಾಲು ಎಲ್ಲಾ ಆಗಿಹೋಯಿತು. "ಎರಡು ಮಾತು ಆಡ್ರಿ ಸರ್" ಅಂತ ಮೈಕು ಕೊಟ್ಟರು. ಇದಕ್ಕಿಂತ ಛಲೋ ವೇಳೆ ಯಾವಾಗ ಸಿಗಬೇಕು? ಮನಸ್ಸು ಗಟ್ಟಿ ಮಾಡಿ ಕೇಳಿಯೇಬಿಟ್ಟೆ:

"ಒಬ್ಬನೇ ಇರೋ ಮನುಷ್ಯಾ ಏನ್ ಮಾಡಬೇಕ್ರಿ?"

ಭಾಷಣ ಅಂದರೆ ಹೀಗಿರಬೇಕು ಅಂತ ಇಡೀ ಸಭೆ ಎರಡು ನಿಮಿಷ ಚಪ್ಪಾಳೆ ಹೊಡೆಯಿತು. ಉತ್ತರ ಮಾತ್ರ ಒಬ್ಬರೂ ಹೇಳಲಿಲ್ಲ.

೨. ಯಲಬುರ್ಗಾದ ಎಮ್ಮೆ

ಅಲ್ಲಿ ಭಾಷಣಕಾರರು, "ಪಕ್ಕದವರ ಮುಂದೆ ಐದು ನಿಮಿಷ ಮನಸ್ಸು ಬಿಚ್ಚಿ ಮಾತಾಡಿ, ಆಮೇಲೆ ಅವರದು ನೀವು ಕೇಳಿ" ಅಂದರು. ನನ್ನ ಪಕ್ಕದಲ್ಲಿ ಒಬ್ಬ ಅಜ್ಜ. ಬಸ್ಸು ತಡ ಅಂತ ಫ್ಯಾನಿನ ಗಾಳಿಗೆ ಒಳಗೆ ಬಂದವನು. "ಮದಲ ನಾ ಹೇಳತೇನಿ" ಅಂತ ತನ್ನ ಎಮ್ಮೆಯ ಕಥೆ ಸುರು ಮಾಡಿದ. ಎಮ್ಮೆ ಈದಿದ್ದು, ಒದ್ದಿದ್ದು, ಸೊಸೆ ಹಿಂಡಲು ಹೋದರೆ ಹಾಲು ಕೊಡದೆ ನಿಂತಿದ್ದು. ನಾನು "ಹೂಂ" ಅನ್ನುತ್ತಾ ಕುಂತೆ. ನನ್ನ ಸರದಿ ಬರುವುದರೊಳಗೆ ಗಂಟೆ ಬಾರಿಸಿದರು.

"ಪಕ್ಕದವರ ಬಗ್ಗೆ ಏನು ತಿಳೀತು, ಯಾರಾದರೂ ಹೇಳ್ತೀರಾ?"

ಅಜ್ಜನೇ ಎದ್ದ. "ಈ ಹುಡುಗ ಮಾತ ಆಡಂಗಿಲ್ರಿ ಸಾಹೇಬ್ರ. ಇವಂಗ ಏನೋ ಆಗೈತಿ, ಚೂರು ನೋಡ್ರಿ!" ಅಂದವನೇ ಬಸ್ಸಿಗೆ ಓಡಿದ.

೩. ಕೊಪ್ಪಳದ ಪೆಟ್ಟಿಗೆ

ಕೊಪ್ಪಳದವರು ಶಾಣ್ಯಾರು. ನಾಚಿಕೆ ಬೇಡ, ಹೆಸರಿಲ್ಲದೆ ಪ್ರಶ್ನೆ ಬರೆದು ಪೆಟ್ಟಿಗೆಗೆ ಹಾಕಿ ಅಂದರು. ನಾನು ಕಿಸೆಯಲ್ಲಿದ್ದ ಹಾಳೆಯ ಮೇಲೆ "ನನಗ ಮಾತಾಡಾಕ ಯಾರೂ ಇಲ್ಲ" ಅಂತ ಬರೆದು ಹಾಕಿದೆ. ಅದರ ಹಿಂಭಾಗದಲ್ಲಿ ನನ್ನ ಅಂಗಡಿಯ ಹೆಸರು, ಫೋನ್ ನಂಬರು ಅಚ್ಚಾಗಿದ್ದು ಲಕ್ಷ್ಯಕ್ಕೆ ಬರಲಿಲ್ಲ. ಚೀಟಿಗಳನ್ನು ಮೈಕಿನಲ್ಲಿ ಓದುತ್ತಿದ್ದ ಹುಡುಗಿ ನನ್ನದರ ಎರಡೂ ಬದಿ ಓದಿದಳು. ಉತ್ತರ ಕೇಳಲು ಯಾರು ನಿಂತಾರು? ತಲೆ ಬಗ್ಗಿಸಿಕೊಂಡು ಹೊರಗೆ ಬಂದೆ.

ಮರುದಿನ ಬೆಳಿಗ್ಗೆಯಿಂದ ಫೋನೋ ಫೋನು. ಜೀವ ಹಿಗ್ಗಿತು.

"ನಿನ್ನೆ ಸಭಾದಾಗ ನಿಮ್ಮ ನಂಬರ ಬರಕೊಂಡಿದ್ದೆರಿ..."

"ಹೇಳ್ರಿ ಅಣ್ಣಾರ, ಹೇಳ್ರಿ!"

"ನಮ್ಮದೊಂದ ಐದು ಎಚ್.ಪಿ. ಮೋಟರ ಸುಟ್ಟೈತಿ. ಇವತ್ತ ಆಗತೈತೇನ್ರಿ?"

೪. ಗಂಗಾವತಿಯ ಉಪ್ಪಿಟ್ಟು

ಕೊನೆಗೆ ನಮ್ಮೂರಲ್ಲೇ ಒಂದು ಭಾಷಣ ಆಯಿತು. ವಂದನಾರ್ಪಣೆ ಮುಗಿದದ್ದೇ ಮಂದಿ ಉಪ್ಪಿಟ್ಟಿನ ಕಡೆ ಓಡಿತು. ಭಾಷಣ ಮಾಡಿದ ಡಾಕ್ಟರ್ ಮೇಡಂ ಒಬ್ಬರೇ ಚಹಾ ಕುಡಿಯುತ್ತಾ ನಿಂತಿದ್ದರು. ನಾನು ಪ್ಲೇಟು ಹಿಡಿದುಕೊಂಡೇ ಹೋದೆ.

"ಮೇಡಮ್ಮಾರ, ನಿಮ್ಮಂಥಾವರ ಭಾಷಣದಾಗ ಮೂರು ತಪ್ಪು ಅದಾವ್ರಿ. ನಾಕೂ ತಾಲೂಕ ಕೇಳಿ ಹೇಳಾಕ್ಹತ್ತೇನಿ."

ಅವರು ಎರಡು ಕುರ್ಚಿ ಎಳೆದರು. "ಕುಂದರ್ರಿ. ಹೇಳ್ರಿ."

ಹೇಳಿದೆ, ಹೇಳಿದೆ. ಪೂರಾ ಕೇಳಿಸಿಕೊಂಡು ಅವರು ಅಂದರು, "ಎಲ್ಲಾ ಖರೇ ಐತಿ. ನೀವು ಹೆಂಗದೀರಿ?"

"ಆರಾಮ್ರಿ."

"ಊಟ?"

"ಆರಾಮ್ರಿ."

"ನಿದ್ದಿ?"

"ಭಾಳ ಆರಾಮ್ರಿ."

"ಇಷ್ಟ ಆರಾಮ ಇದ್ದಾವರು ನಾಕ ತಾಲೂಕ ಯಾಕ ಅಡ್ಡಾಡಿದ್ರಿ?"

"ಉಪ್ಪಿಟ್ಟು ಛಲೋ ಇರತೈತ್ರಿ."

ಅವರು ನನ್ನ ಪ್ಲೇಟು ನೋಡಿದರು. ಒಂದು ಚಮಚೆಯೂ ಕದಲಿರಲಿಲ್ಲ. ನಾಲ್ಕು ತಾಲೂಕು ಗೆದ್ದ ನಾನು ಪ್ಲೇಟನ್ನು ಮೆಲ್ಲಗೆ ಕುರ್ಚಿ ಕೆಳಗೆ ಸರಿಸಿದೆ ನೋಡ್ರಿ. ಅವರು ಅವಸರ ಮಾಡಲಿಲ್ಲ. ಪೆಂಡಾಲಿನವರು ನಮ್ಮ ಎರಡು ಕುರ್ಚಿ ಬಿಟ್ಟು ಉಳಿದವೆಲ್ಲ ಮಡಚಿ ಗಾಡಿಗೆ ಹಾಕಿದ ಮೇಲೆ ನಾನು ಮಾತು ಸುರು ಮಾಡಿದೆ.

ಅವರು ನನಗೆ ತಮ್ಮ ದವಾಖಾನೆಯಲ್ಲಿ ವಾರಕ್ಕೆ ಅರ್ಧ ತಾಸು ಕೊಟ್ಟರು. ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ.