ಮೂರು ಕಾಲಿನ ದುಡ್ಡಿಗೆ ನಾಲ್ಕು ಕಾಲು

ನಮ್ಮ ಭಾವನವರಂಥ ಮನುಷ್ಯನನ್ನು ದೇವರು ಒಬ್ಬನನ್ನೇ ಮಾಡಿದ್ದಾನೆ. ಎರಡನೆಯವನನ್ನು ಮಾಡಲು ಕೂಡುವಷ್ಟರಲ್ಲಿ ಮೊದಲನೆಯವನ ವರ್ತಮಾನ ಕಿವಿಗೆ ಬಿದ್ದು, ನನ್ನಂತೆಯೇ ಅವನಿಗೂ ಸಿಟ್ಟು ನೆತ್ತಿಗೇರಿರಬೇಕು!

ನಾನು ತಲೆಯ ಮೇಲೆ ತಾಮ್ರದ ಕೊಡ ಹೊತ್ತು ಯರಗಟ್ಟಿಯ ಸಂತೆಯಲ್ಲಿ ಕೂಗಿ ಮಾರಿ, ಆಮೇಲೆ ಬೈಲಹೊಂಗಲದ ಪೇಟೆಯಲ್ಲಿ ಸ್ವಂತ ಪಾತ್ರೆಯ ಅಂಗಡಿ ಹಾಕಿದವನು. ಹಂಡೆಯನ್ನು ಬೆರಳಿನಿಂದ ಒಮ್ಮೆ ಬಾರಿಸಿದರೆ ಬಿರುಕು ಎಲ್ಲಿದೆ ಎಂದು ಹೇಳಬಲ್ಲೆ. ಭಾವನವರು ಸವದತ್ತಿಯಲ್ಲಿ ಸಾಲಿ ಮಾಸ್ತರರು. ಕಾಯಿಪಲ್ಲೆ ಮಾರುವವಳು ದರ ಹೇಳಿದರೆ, "ಇಷ್ಟ ಕಡಿಮಿ ತಗೊಂಡ್ರ ನಿಮ್ಮ ಮನಿ ಹೆಂಗ ನಡೀತೈತ್ರಿ?" ಎಂದು ಕೇಳಿ ತಾವೇ ದರ ಏರಿಸಿದ ಗಂಡಸು! ಇಂಥವರನ್ನು ಸಂತೆಗೆ ಕಳಿಸುವುದಕ್ಕಿಂತ ದುಡ್ಡನ್ನು ಹೊಳೆಗೆ ಎಸೆಯುವುದು ವಾಸಿ. ಎತ್ತಿನ ಗಾಡಿಯ ಬಾಡಿಗೆಯಾದರೂ ಉಳಿಯುತ್ತದೆ.

ಅವರು ನನ್ನ ಅಕ್ಕನ ಗಂಡ. ಅದಕ್ಕೂ ಮೊದಲು ನಮ್ಮ ಸೋದರಮಾವನ ಮಗ. ಎರಡು ವರ್ಷದ ಕೂಸಿದ್ದಾಗ ತಾಯಿ ಹೋದಳು. ನಮ್ಮ ಅವ್ವನೇ ಎತ್ತಿಕೊಂಡು ಬಂದು ಸಾಕಿದಳು. ಹಾಗಾಗಿ ಅವರನ್ನು ಬೈಯುವ ಹಕ್ಕು ನನಗೆ ಎರಡು ಕಡೆಯಿಂದ ಬಂದಿದೆ, ಎರಡನ್ನೂ ನಾನು ಬಿಟ್ಟುಕೊಟ್ಟಿಲ್ಲ.

ಆ ವರ್ಷ ಅವ್ವನ ತಲೆ ನಡುಗಲು ಶುರುವಾಯಿತು. ಮೊದಮೊದಲು ಯಾರೋ ಏನೋ ಕೇಳಿದ್ದಕ್ಕೆ ಸಣ್ಣಗೆ ಹೂಂಗುಟ್ಟಿದಂತೆ ಅಲುಗುತ್ತಿತ್ತು. ಸುದ್ದಿ ಕೇಳಿ ಅಕ್ಕ, ಭಾವನವರು ಸವದತ್ತಿಯಿಂದ ಬಂದು ನಮ್ಮಲ್ಲೇ ಉಳಿದರು. ವೈದ್ಯರು ನಾಡಿ ಹಿಡಿದು, "ಇದು ಏರಕೋತನ ಹೋಗೂ ಬ್ಯಾನಿ. ಬರೂ ಸುಗ್ಗಿ ಮಾತು ನಾ ಹೇಳಲಾರೆ" ಎಂದುಬಿಟ್ಟರು. ನಾನು ಔಷಧಿಯ ಚೀಟಿ ಹಿಡಿದು ಪೇಟೆಗೆ ಓಡಿದೆ. ಭಾವನವರು ಕಟ್ಟೆಯ ಮೇಲೆ ಕುಳಿತೇ ಇದ್ದರು. ಸಂಜೆಗೆ ಎದ್ದು ಹೇಳಿದರು:

"ನಮ್ಮವ್ವನ ಮಾರಿ ನನಗ ನೆಪ್ಪಿಲ್ಲ. ಅತ್ತಿ ಮಾರಿನೂ ಹಂಗ ಹೋಗಾಕ ಬಿಡಾಂಗಿಲ್ಲ. ಪಟಾ ತಗೀತೇನಿ."

"ಯಾರು, ನೀವು?" ಎಂದೆ.

"ಕಲತರ ಬರತೈತಿ."

ಮರುದಿನವೇ ಬೆಳಗಾವಿಗೆ ಹೋದರು. ವಿಲಾಯತಿಗೆ ಮರಳುತ್ತಿದ್ದ ಯಾರೋ ಸಾಹೇಬ ಕ್ಯಾಂಪಿನಲ್ಲಿ ಸಾಮಾನು ಮಾರಲು ಇಟ್ಟಿದ್ದನಂತೆ. ನಾಲ್ಕು ದಿನಕ್ಕೆ ಕ್ಯಾಮರಾ ತಂದರು. ತೇಗದ ಪೆಟ್ಟಿಗೆ, ಹಿತ್ತಾಳೆಯ ಮೂತಿ, ಹಾರ್ಮೋನಿಯಮ್ಮಿನಂಥ ಚರ್ಮದ ತಿದಿ, ಜೊತೆಗೆ ಗಾಜಿನ ಪ್ಲೇಟುಗಳು. ನಾನು ಒಂದು ಸುತ್ತು ಹಾಕಿ ನೋಡಿ ಕೇಳಿದೆ: "ಇದರ ಕಾಲ ಎಲ್ಲಿ?"

"ಯಾವ ಕಾಲು?"

"ನಿಂದ್ರಾಕ ಸ್ಟ್ಯಾಂಡ ಬೇಕಲ್ಲರಿ ಭಾವಾ!"

"ಸಾಹೇಬ ಅದಕ್ಕ ಬ್ಯಾರೆ ರೊಕ್ಕ ಅಂದ. ನನ್ನ ಹಂತ್ಯಾಕ ಇದ್ದ ರೊಕ್ಕ ತೀರಿದ್ವು. ಪಾಪ, ಅವ ಭಾಳ ಬೇಜಾರ ಮಾಡಿಕೊಂಡ."

ಸಾಹೇಬನಿಗೆ ಬೇಜಾರು! ಎಂಟು ವರ್ಷದ ಉಳಿತಾಯವನ್ನೆಲ್ಲ ಮೂತಿಗೆ ಸುರಿದು, ಕಾಲಿಗೆ ಒಂದು ಕಾಸೂ ಇಡದೆ ಬಂದವರಿಗೆ ನಾನು ಏನನ್ನಬೇಕು? ತಳವಿಲ್ಲದ ಕೊಡ ಕೊಂಡು ನೀರಿಗೆ ಹೊರಟವರನ್ನು ಕಂಡಿದ್ದೀರಾ? ಓದುಗರೇ, ಇಂದಿಗೂ ಹೊಸಬರು ಮಾಡುವ ತಪ್ಪು ಇದೇ. ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಮೊದಲು ಮೂರನ್ನು ಕಾಲಿಗೆಂದು ಸೆರಗಿನಲ್ಲಿ ಗಂಟು ಹಾಕಿಡಿ. ಮೂತಿ ಎಷ್ಟು ಚೆಂದವಿದ್ದರೇನು, ನಿಂತಲ್ಲಿ ನಿಲ್ಲದ ಮೂತಿ ಯಾರ ಮುಖವನ್ನೂ ನೆಟ್ಟಗೆ ನೋಡುವುದಿಲ್ಲ.

ಆದರೂ ಭಾವನವರಿಗೆ ತಾಳ್ಮೆಯೆಲ್ಲಿ? ನನ್ನ ಅಂಗಡಿಯ ಹಿಂದೆ ಹತ್ತಿ ತುಂಬಿದ ಅಂಡಿಗೆ ಚೀಲಗಳಿದ್ದವು. ಒಂದನ್ನು ಪಡಸಾಲೆಗೆ ತಂದು, ಅದರ ಮೇಲೆ ಕ್ಯಾಮರಾ ಕೂರಿಸಿ, ಎದುರಿಗೆ ಅವ್ವನನ್ನು ಕುಳ್ಳಿರಿಸಿದರು. ಪಟ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನೆರೆಮನೆಯವಳು ಹೆದರಿಸಿದ್ದಳು. ಅವ್ವ, "ನನ್ನದರಾಗ ಕಡಿಮಿ ಆಗೂದೇನೈತವ್ವಾ? ಸಂತಿ ಮುಗದ ಮ್ಯಾಲ ಉಳದ ಬದನಿಕಾಯಿ ನಾನು. ತಗೀಲಿ ಬಿಡು" ಎಂದು ಸೆರಗು ಸರಿಮಾಡಿಕೊಂಡು ಕುಳಿತಳು. ನೆರಳಿನಲ್ಲಿ ತೆಗೆಯುವ ಪಟಕ್ಕೆ ಮುಚ್ಚಳ ತೆಗೆದು ನಿಧಾನವಾಗಿ ಇಪ್ಪತ್ತು ಎಣಿಸಬೇಕು. ಭಾವನವರು ಎಣಿಸಿದರು. ಎಣಿಸಿದಂತೆಲ್ಲ ಕ್ಯಾಮರಾ ಹತ್ತಿಯೊಳಗೆ ಮೆಲ್ಲಗೆ ಇಳಿಯುತ್ತಿತ್ತು! ಕಾಳಿನ ಕೋಣೆಯ ಕತ್ತಲಲ್ಲಿ ಪ್ಲೇಟು ತೊಳೆದು ತಂದಾಗ ಅದರಲ್ಲಿ ಅವ್ವ, ಕಂಬ, ಗೋಡೆ ಎಲ್ಲವೂ ಉದ್ದಕ್ಕೆ ಎಳೆದಂತೆ ಮೇಲಕ್ಕೆ ಹೊರಟಿದ್ದವು.

"ಏನ್ರಿ ಇದು? ಇದ್ದಾಕಿನ್ನ ಈಗನ ಕೈಲಾಸಕ್ಕ ಕಳಸೀರಲ್ಲರಿ!" ಎಂದು ಅಕ್ಕ ಗಂಡನ ಮೇಲೆ ಹರಿಹಾಯ್ದಳು.

ಆಗ ನಾನೇ ಮುಂದಾಗಬೇಕಾಯಿತು. ಭಾವನವರನ್ನು ಕರೆದುಕೊಂಡು ಬೆಳಗಾವಿಯ ಕ್ಯಾಮರಾ ಅಂಗಡಿಗೆ ಹೋದೆ. "ನೀವ ಬಾಯಿ ಬಿಡಬ್ಯಾಡ್ರಿ" ಎಂದು ದಾರಿಯುದ್ದಕ್ಕೂ ಬೋಧಿಸಿದ್ದೆ. ಅಂಗಡಿಯವನು ಕೊಕ್ಕರೆಯ ಕಾಲಿನಂಥ ಒಂದು ಸ್ಟ್ಯಾಂಡು ಹೊರತೆಗೆದ. ತಳತಳ ಹೊಳೆಯುತ್ತಿತ್ತು, ದರವೂ ಅಗ್ಗ. ಭಾವನವರು ಹೊಳಪಿಗೆ ಮರುಳಾಗಿ, "ಆಹಾ, ಎಷ್ಟ ಹಗುರ!" ಎಂದರು. ಹಗುರವಂತೆ! ಗಾಳಿಪಟ ಕೊಳ್ಳಲು ಬಂದಿದ್ದೆವೇ? ಸ್ಟ್ಯಾಂಡನ್ನು ನೋಡುವುದು ಕಣ್ಣಿನಿಂದಲ್ಲ, ಅಂಗೈಯಿಂದ. ಕಾಲು ಅಗಲಿಸಿ ನಿಲ್ಲಿಸಿ, ತಲೆಯ ಮೇಲೆ ಕೈಯೂರಿ ಭಾರ ಬಿಟ್ಟು, ಆಮೇಲೆ ತಿರುಚಿ ನೋಡಬೇಕು. ಕಾಲು ಬಾಗಿದರೆ ಒಂದು ದೋಷ; ತಲೆ ತಿರುಗಿದರೆ ಅದಕ್ಕಿಂತ ದೊಡ್ಡ ದೋಷ. ನಾನು ಕೈಯೂರಿದ ಕೂಡಲೇ ಕೊಕ್ಕರೆ ಮಂಡಿಯೂರಿತು.

"ಮುರದ್ರ ರೊಕ್ಕ ಕೊಡಬೇಕಾಗತೈತ್ರಿ ಸಾವಕಾರ್ರ" ಎಂದ ಅಂಗಡಿಯವನು.

"ನಾ ಕೈ ಇಟ್ಟೇನಿ, ಕಾಲ ಇಟ್ಟಿಲ್ಲ. ಕೈ ತಡೀಲಾರದ್ದು ಕ್ಯಾಮರಾ ಏನ ತಡೀತೈತಿ?" ಎಂದೆ.

ಗಟ್ಟಿಯಿದ್ದ ಇನ್ನೊಂದರ ದರ ಕೇಳಿದೆ. ಆ ದರಕ್ಕೆ ನನ್ನೂರಿನಲ್ಲಿ ಹಾಲು ಕರೆಯುವ ಎಮ್ಮೆ ಬರುತ್ತದೆ, ಅದಕ್ಕಾದರೂ ನಾಲ್ಕು ಕಾಲಿರುತ್ತವೆ. ಹೊರಗೆ ಬಂದೆವು. ಭಾವನವರು ಬಾಗಿಲಲ್ಲಿ ನಿಂತು ಅಂಗಡಿಯವನಿಗೆ, "ನಿಮ್ಮ ಹೊತ್ತ ಕೆಡಿಸಿದಿವಿ, ಸಿಟ್ಟಾಗಬ್ಯಾಡ್ರಿ" ಎಂದು ಕೈ ಮುಗಿದರು! ನನ್ನ ಹೊತ್ತು ಎಷ್ಟು ಕೆಟ್ಟಿತ್ತು ಎಂದು ಯಾರು ಕೈ ಮುಗಿದು ಕೇಳಬೇಕು?

ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಅವ್ವನಲ್ಲಿ ಅಷ್ಟು ದಿನಗಳಿರಲಿಲ್ಲ. ತಲೆಯ ನಡುಕ ಈಗ ತುತ್ತು ಬಾಯಿಗೆ ಒಯ್ಯುವಾಗಲೂ ಕಾಣುತ್ತಿತ್ತು. ನಾನು ಕಿತ್ತೂರಿನಲ್ಲಿ ಗಾಡಿಯ ಗಾಲಿ ಮಾಡುವ ಬಡಿಗನ ಹತ್ತಿರ ಹೋದೆ. ಒಣಗಿದ ಜಾಲಿ ಕಟ್ಟಿಗೆಯ ಮೂರು ಕಾಲು, ಮೇಲೊಂದು ಹಲಗೆ, ಇಷ್ಟೇ ಕೆಲಸ. ಬಡಿಗ ಗಲ್ಲ ತುರಿಸಿಕೊಂಡ.

"ಮೂರು ಅನಬ್ಯಾಡ್ರಿ ಸಾವಕಾರ್ರ. ಮೂರ ಮಂದಿ ಕೂಡಿ ಕೆಲಸಕ್ಕ ಹೋಗೂದಿಲ್ಲ, ಎಡಿಯಾಗ ಮೂರು ರೊಟ್ಟಿ ನೀಡೂದಿಲ್ಲ. ಅದೂ ವಯಸ್ಸಾದವರ ಪಟಾ ಅಂತೀರಿ. ನನ್ನ ಕೈಲೆ ಆಗೂದಿಲ್ಲ. ನಾಕ ಕಾಲ ಮಾಡತೇನಿ."

"ಮೂರರ ರೊಕ್ಕನ ಕೊಡತೇನಿ, ಮತ್ತ!"

"ಆಗ್ಲಿ ಬಿಡ್ರಿ. ಒಂದ ಕಾಲ ನಂದು, ಅವ್ವಾರಿಗೆ."

ನನ್ನ ಸಂತೋಷವನ್ನು ಹೇಗೆ ಹೇಳಲಿ! ಮೂರು ಕಾಲಿನ ದುಡ್ಡಿಗೆ ನಾಲ್ಕು ಕಾಲು! ಗಾಡಿಯಲ್ಲಿ ಹೇರಿಕೊಂಡು ಬರುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಕಾಲು ಎಣಿಸಿ ತೋರಿಸಿದೆ. ಭಾವನವರು ಅದನ್ನು ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತರು.

"ತಮ್ಮಾ, ಮೂರ ಕಾಲು ಎಂಥಾ ತಗ್ಗ-ದಿನ್ನ್ಯಾಗ ಇಟ್ರೂ ಕುಂದರತೈತಿ. ನಾಕ ಕಾಲು ಹಂಗಲ್ಲೋ. ಅವರೊಳಗ ಒಬ್ಬ ಯಾವಾಗಲೂ ನೆಲಾ ಬಿಟ್ಟ ನಿಂತಿರತಾನ."

"ಸಾಲಿ ಪಾಠ ನನಗ ಹೇಳಬ್ಯಾಡ್ರಿ. ಎಮ್ಮಿ ಬೀಳತೈತೇನು?"

ಎಮ್ಮೆ ಬೀಳುವುದಿಲ್ಲ, ನಿಜ. ನಮ್ಮ ಸಗಣಿ ಸಾರಿಸಿದ ಪಡಸಾಲೆಯಲ್ಲಿ ಸ್ಟ್ಯಾಂಡು ಮಾತ್ರ ಕುಂಟತೊಡಗಿತು. ಒಂದು ಕಾಲಿಗೆ ಹೆಂಚಿನ ಚೂರು ಕೊಟ್ಟರೆ ಎದುರಿನದು ಏಳುತ್ತಿತ್ತು. ಅದಕ್ಕೊಂದು ಚೂರು ಕೊಟ್ಟರೆ ಮೊದಲನೆಯದು ಮುನಿಸಿಕೊಳ್ಳುತ್ತಿತ್ತು. ಹಾಗೆಯೇ ತೆಗೆದ ಪಟದಲ್ಲಿ ಅವ್ವನಿಗೆ ಎರಡು ಮೂಗು ಬಂದವು, ಕಂಬಕ್ಕೂ ಒಂದು ಜೊತೆ ಹುಟ್ಟಿತು. ಭಾವನವರು ಬಗ್ಗಿ ಮತ್ತೊಂದು ಹೆಂಚಿನ ಚೂರು ಹುಡುಕತೊಡಗಿದರು. ಅದನ್ನು ನೋಡಿಯೇ ನನ್ನ ಸಿಟ್ಟು ಕೆರಳಿತು. ಗರಗಸ ತಂದೆ.

"ಮೂರ ಬೇಕಿತ್ತಲ್ಲ? ತಗೊಳ್ರಿ ನಿಮ್ಮ ಮೂರು!" ಎಂದು ಒಂದು ಕಾಲನ್ನು ಕೊಯ್ದೇಬಿಟ್ಟೆ.

ಚೌಕದ ಮೂಲೆಯ ಕಾಲು ತೆಗೆದರೆ ಏನಾಗುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಿಲ್ಲ. ನನಗೆ ಮಾತ್ರ ಯಾರೂ ಹೇಳಿರಲಿಲ್ಲ! ಸ್ಟ್ಯಾಂಡು ಇಲ್ಲದ ಕಾಲಿನ ಕಡೆಗೆ ಬಾಗಿತು. ಭಾವನವರು ಹಾರಿ ಬಿದ್ದು ಕ್ಯಾಮರಾವನ್ನು ಹೊಟ್ಟೆಗೆ ಅಪ್ಪಿಕೊಂಡರು. ಅವರ ಮುಂದಿನ ಹಲ್ಲೊಂದು ಹೊಸ್ತಿಲಲ್ಲಿ ಉಳಿಯಿತು. ಅವ್ವ ಬಹಳ ದಿನಗಳ ಮೇಲೆ ನಕ್ಕಳು. ತಲೆಯ ಜೊತೆಗೆ ನಗುವೂ ನಡುಗಿತು. "ಇಬ್ಬರೂ ಕೂಡಿ ನನ್ನ ಪಟಾ ತಗಿಯೂ ಹೊತ್ತಿಗೆ ನಿಮ್ಮ ಹಲ್ಲ ಒಂದೂ ಉಳಿಯೂದಿಲ್ಲ" ಎಂದಳು.

ಮತ್ತೆ ಕಿತ್ತೂರು. ಈ ಸಲ ಭಾವನವರೂ ಬಂದರು. ಬಡಿಗ ಮೂರು ಎಂದೊಡನೆ ಮತ್ತೆ ಗಲ್ಲ ತುರಿಸಿಕೊಂಡ. ಭಾವನವರು ಹಲ್ಲು ಹೋದ ಬಾಯಲ್ಲಿ ಕೇಳಿದರು: "ನಿಮ್ಮ ಮನಿ ಒಲಿಗೆ ಎಷ್ಟ ಗುಂಡಕಲ್ಲ ಅದಾವಪಾ?"

"ಮೂರ್ರಿ."

"ಮತ್ತ ದಿನಾ ಉಣ್ಣತೀ ಇಲ್ಲೋ?"

ಬಡಿಗ ಉಳಿ ಎತ್ತಿಕೊಂಡ. ಚೌಕಾಸಿಯಲ್ಲಿ ಇಷ್ಟು ವರ್ಷ ಸವೆದ ನನಗೆ ಹೊಳೆಯದ ಮಾತು, ಸಂತೆಯಲ್ಲಿ ದರ ಏರಿಸುವ ಮನುಷ್ಯನಿಗೆ ಹೊಳೆಯಿತು! ದಾರಿಯುದ್ದಕ್ಕೂ ನಾನು ಎತ್ತುಗಳನ್ನು ಬೈಯುತ್ತ ಬಂದೆ.

ಸ್ಟ್ಯಾಂಡಿನ ತಲೆಯನ್ನು ಮಾತ್ರ ನಾನೇ ಮಾಡಿಸಿದೆ. ಅಂಗಡಿಯಲ್ಲಿ ಒಂದು ಒಡೆದ ಹಿತ್ತಾಳೆಯ ಸಮೆ, ಎತ್ತರದ ದೀಪದ ಕಂಬ, ಬಿದ್ದಿತ್ತು. ದೀಪದ ಸಮೆ ತುಂಡು ತುಂಡಾಗಿ ತಿರುಪಿನಿಂದ ಕೂಡಿಕೊಂಡಿರುತ್ತದೆ. ಅದರ ಅಗಲವಾದ ಬುಡವನ್ನು ಕಾಲುಗಳ ಮೇಲೆ ಕೂರಿಸಿ, ತಿರುಪನ್ನು ಕ್ಯಾಮರಾದ ತಳಕ್ಕೆ ಹೊಂದಿಸಿದೆವು. ಬೇಕಾದ ಕಡೆ ತಿರುಗುತ್ತಿತ್ತು, ಬಿಗಿದರೆ ಕಲ್ಲು. ನಡುವೆ ಒಂದು ತೂಕದ ಗುಂಡು ಇಳಿಬಿಟ್ಟೆ. ನಾನೇ ಎರಡೂ ಕೈಯಿಂದ ಅಲ್ಲಾಡಿಸಿದೆ. ನಾನು ಅಲ್ಲಾಡಿದೆ, ಅದು ಅಲ್ಲಾಡಲಿಲ್ಲ. ಖರ್ಚು ಬೆಳಗಾವಿಯ ಕೊಕ್ಕರೆಗಿಂತ ಕಡಿಮೆ!

ಪಟ ತೆಗೆದರು. ಭಾವನವರು ತೊಳೆದ ಪ್ಲೇಟನ್ನು ಹೊರಗೆ ತಂದು, ನನಗೆ ಕೊಡದೆ ಗೋಡೆಗೆ ಒರಗಿಸಿದರು. ನಾನೇ ಎತ್ತಿ ಬೆಳಕಿಗೆ ಹಿಡಿದೆ. ಕಂಬದ ಕೆತ್ತನೆ ಗೆರೆಗೆರೆಯಾಗಿ ಬಂದಿತ್ತು. ಸೀರೆಯ ದಡಿಯ ಎಳೆ ಎಣಿಸಬಹುದಿತ್ತು. ಕೊರಳಿನ ಲಿಂಗದ ಕರಡಿಗೆಯಂತೂ ಕೈಯಿಂದ ಎತ್ತಿಕೊಳ್ಳುವಂತಿತ್ತು. ಅದರ ಮೇಲೆ, ಮುಖ ಇರಬೇಕಾದಲ್ಲಿ, ಒಂದು ಹಿಡಿ ಹೊಗೆ.

ನಾನು ಕೂಗಾಡಿದೆ. ಬಡಿಗನನ್ನು ಬೈದೆ, ಸಾಹೇಬನನ್ನು ಬೈದೆ, ಸಮೆ ಮಾಡಿದ ಕಂಚುಗಾರನನ್ನು ಬೈದೆ. ಸ್ಟ್ಯಾಂಡನ್ನು ಒದೆಯಲು ಹೋದೆ. ಭಾವನವರು ಅಡ್ಡ ಬಂದು ನಿಂತರು.

"ಅದನ್ನ ಬೈಬ್ಯಾಡೋ. ಅದು ಅಲ್ಲಾಡಿಲ್ಲ."

ಅದು ನನಗೂ ಗೊತ್ತಿತ್ತು. ಇಷ್ಟು ದಿನ ಬೈಯಲು ಒಂದು ಕುಂಟು ಕಾಲಿತ್ತು, ಈಗ ಅದೂ ಇರಲಿಲ್ಲ. ನಾನು ಸೋಲುವವನೇ? "ದೊಡ್ಡ ಊರಾಗ ಕುರ್ಚಿ ಹಿಂದ ಕಬ್ಬಿಣದ ಕವಲ ಹಚ್ಚಿ ತಲಿ ಹಿಡಿಸ್ತಾರಂತ. ನಾಳಿ ಕಂಬಾರನ ಕಡಿಂದ ಮಾಡಸ್ತೇನಿ" ಎಂದೆ.

ಜನ್ಮದಲ್ಲಿ ಒಮ್ಮೆ ಅವರು ನನ್ನ ಮೇಲೆ ದನಿ ಏರಿಸಿದರು: "ಆಕಿ ತಲಿಗೆ ಕಬ್ಬಿಣಾ ಹಚ್ಚತೀ ಏನು? ನಿನಗ ಕೈ ಇಲ್ಲೇನು?"

ಅಕ್ಕ ಒಳಗಿನಿಂದ ಕರಿ ಕಂಬಳಿ ತಂದಳು. ಅವ್ವನ ಬೆನ್ನ ಹಿಂದೆ ನನ್ನನ್ನು ಮಣೆಯ ಮೇಲೆ ಕೂರಿಸಿ, ಮೇಲಿನಿಂದ ಕಂಬಳಿ ಹೊದಿಸಿದರು. ನಾನು ಕತ್ತಲಲ್ಲಿ ಕೈ ಚಾಚಿ ಅವಳ ತಲೆಯನ್ನು ಎರಡೂ ಕಡೆಯಿಂದ ಹಿಡಿದುಕೊಂಡೆ. ಎಷ್ಟು ಸಣ್ಣ ತಲೆ! ನೀರು ಕುದಿಯುವ ಮುಂಚೆ ತಪ್ಪೇಲಿಯ ಅಂಚಿನಲ್ಲಿ ಸಿಗುವಂಥ ನಡುಕ ನನ್ನ ಅಂಗೈಗೆ ಹತ್ತಿತು.

"ನಿನ್ನ ಕೈ ಬೆಚ್ಚಗದಾವ ಯಪ್ಪಾ" ಎಂದಳು ಅವ್ವ.

"ಮಾತಾಡಬ್ಯಾಡ್ರಿ ಅತ್ತಿ" ಎಂದು ಭಾವನವರು ಮುಚ್ಚಳ ತೆಗೆದರು. "ಒಂದು... ಎರಡು..."

ಮೂರೋ ನಾಲ್ಕೋ ಅನ್ನುವಷ್ಟರಲ್ಲಿ ಅವಳು ಭಾರವನ್ನು ನನ್ನ ಕೈಗೆ ಬಿಟ್ಟಳು. ನಡುಕ ನಿಂತಿತು, ಉಸಿರು ಮಾತ್ರ ನಿಧಾನವಾಗಿ ಆಡುತ್ತಿತ್ತು. ಅವರು ಎಣಿಸುತ್ತ ಹೋದರು. ಇಪ್ಪತ್ತಾಯಿತು, ಮೂವತ್ತಾಯಿತು. ಮಾಸ್ತರರಿಗೆ ಎಣಿಕೆಯೂ ಮರೆಯಿತೇ ಎಂದು ಕಂಬಳಿಯೊಳಗೇ ಬೈದುಕೊಂಡೆ. ಅರವತ್ತಕ್ಕೆ ನಿಲ್ಲಿಸಿದರು.

ಪಟ ಚೆಂದ ಬಂತು. ಕಣ್ಣು, ಮೂಗು, ಹಣೆಯ ವಿಭೂತಿ, ಎಲ್ಲ ಸ್ವಚ್ಛ. ಕಿವಿಯ ಪಕ್ಕದಲ್ಲಿ ಎರಡೂ ಕಡೆ ನಾಲ್ಕು ನಾಲ್ಕು ಬೆರಳು. ಅವ್ವ ಹೋದ ಎಷ್ಟೋ ದಿನಗಳ ಮೇಲೆ ಅಕ್ಕ ಹೇಳಿದಳು, ಭಾವನವರು ಅಂದು ಇಪ್ಪತ್ತಕ್ಕೇ ಮುಚ್ಚಳ ಹಾಕಿದ್ದರಂತೆ. ನಾನು ನೇರವಾಗಿ ಅವರ ಹತ್ತಿರ ಹೋಗಿ ಕೇಳಿದೆ: "ಪಟಾ ಮುಗದ ಮ್ಯಾಲ ನಲವತ್ತು ಯಾಕ ಎಣಿಸಿದ್ರಿ?"

ಅವರು ಪ್ಲೇಟು ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ನೀ ಆಕಿ ತಲಿ ಬಿಟ್ಟಬಿಡತಿದ್ದಿ ಅಲ್ಲಪಾ, ನಾ ನಿಲ್ಲಿಸಿದ್ರ" ಎಂದರು.